ಹಲ್ಲು ಕಟ್ಟುವ ಮಾಮ ಆರಿಸಿದ ಡಿಗ್ರಿ

ಮಾಮನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಗುಲಾಬಿ ಮೇಣ. ಊಟಕ್ಕೆ ಕೂತಾಗಲೂ. ಹುಬ್ಬಳ್ಳಿಯಿಂದ ಬಂದು ಮಲೇಷ್ಯಾದ ನಿಲಾಯ್ ಊರಿನಲ್ಲಿ ಹಲ್ಲಿನ ಸೆಟ್ ಕಟ್ಟುತ್ತಿದ್ದ ಅವರು ಅಪ್ಪನ ಗೆಳೆಯರು.

ನನಗೆ ಡೆಂಟಿಸ್ಟ್ ಆಗುವಾಸೆ. ಸೇರಬೇಕೆಂದಿದ್ದ ವಿದೇಶಿ ಕಾಲೇಜಿಗೆ ಮೊದಲೊಂದು ಡಿಗ್ರಿ ಬೇಕಿತ್ತು. ಯಾವ ವಿಷಯವಾದರೂ ಸರಿ, ಜೊತೆಗೆ ವಿಜ್ಞಾನದ ನಾಲ್ಕಾರು ಪೇಪರ್ ಪಾಸಾಗಿರಬೇಕು. "ಬಯಾಲಜಿ ತಗೋ, ಸೇಫು" ಎಂದರು ಅಪ್ಪ. ನಾನೋ, ಬಯಾಲಜಿಯ ಮೂರನೇ ಪುಟಕ್ಕೇ ಗೊರಕೆ ಹೊಡೆಯುವ ಮಹಾಪುರುಷ. ಡಿಗ್ರಿಗೆ ಅರ್ಜಿ ಹಾಕಲು ಒಂದು ವಾರ ಉಳಿದಾಗ, ಕೆಲಸ ನೋಡೋಣವೆಂದು ಮಾಮನ ಅಂಗಡಿಗೆ ಹೋದೆ.

ಮೊದಲ ದಿನವೇ ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಕಲಸಿದೆ. ಚಮಚದ ಸಮೇತ ಬಂಡೆಯಾಯಿತು.

"ಭೇಷ್! ಮನಿ ಕಟ್ಟಸೂಣು," ಎಂದರು ಮಾಮ.

ಮರುದಿನ ಒಬ್ಬ ತಮಿಳು ಅಜ್ಜಿ, ಮೇಣದಲ್ಲಿ ಕೂರಿಸಿದ ಹಲ್ಲು ಹಾಕಿ ನೋಡಲು ಬಂದರು. ಹಲ್ಲು ಆರಿಸಿದವನು ನಾನೇ: ಟ್ಯೂಬ್‌ಲೈಟಿನ ಬಿಳುಪು, ಪರೇಡಿನ ಸಾಲು. ಕನ್ನಡಿ ನೋಡಿದ ಅಜ್ಜಿ ಅದನ್ನು ಮಗುಚಿಟ್ಟರು.

ಮಾಮ ಅವರಿಗೆ ಚಹಾ ತರಿಸಿ, ತಮ್ಮ ಹುಬ್ಬಳ್ಳಿ ತಮಿಳಿನಲ್ಲಿ ಮದುವೆ ಫೋಟೋ ಕೇಳಿದರು. ಯಾರ ಸೆಟ್ ಕಟ್ಟಿದರೂ ಹಳೇ ಫೋಟೋ ಕೇಳುವುದು ಅವರ ಪದ್ಧತಿ. ಅಜ್ಜಿ ಫೋನಿನಲ್ಲಿ ತೋರಿಸಿದರು. ಮುಂದಿನೆರಡು ಹಲ್ಲಿನ ನಡುವೆ ಸಂದಿ! ನಕ್ಕರೆ ಆ ಸಂದಿಯಿಂದಲೇ ಗಂಡ ದೂರದಿಂದ ಗುರುತು ಹಿಡಿಯುತ್ತಿದ್ದನಂತೆ. ಅಜ್ಜಿ ರಬ್ಬರ್ ತೋಟದ ಮಂಜು, ಗಂಡನ ಸೈಕಲ್ಲು, ಅವನ ಸೀಟಿ ಎಂದು ಹೇಳುತ್ತಾ ಹೋದರು. ಮಾಮ ಮೇಣ ಬಿಸಿಮಾಡಿ ಹಲ್ಲು ಸರಿಸುತ್ತಾ ಹೋದರು. ಮಧ್ಯಾಹ್ನ ಎಲ್ಲಿ ಕರಗಿತೋ ತಿಳಿಯಲಿಲ್ಲ. ನಾನು ಒಮ್ಮೆಯೂ ಆಕಳಿಸಲಿಲ್ಲ.

ಮಾಮ ಅದನ್ನು ಗಮನಿಸಿದ್ದರು. "ಲೇ, ಮಂದಿ ಮಾತಾಡಿದ್ರ ನಿನಗ ನಿದ್ದಿ ಬರೂದಿಲ್ಲ. ಅದನ್ನ ಓದು."

"ಅದ್ಯಾವ ಸಬ್ಜೆಕ್ಟು ಮಾಮಾ?"

"ನನಗೇನ್ ಗೊತ್ತಪಾ? ನಾ ಎಸ್ಸೆಸ್ಸೆಲ್ಸಿ ಫೇಲು."

ಹುಡುಕಿದರೆ ಅದಕ್ಕೆ ಮನಶ್ಶಾಸ್ತ್ರ ಎಂದು ಹೆಸರಿತ್ತು. ಅದನ್ನೇ ತುಂಬಿದೆ. ಅಪ್ಪ ಎರಡು ದಿನ ಬಯಾಲಜಿ ಪುಸ್ತಕವನ್ನು ನನ್ನ ತಟ್ಟೆಯ ಪಕ್ಕ ಇಟ್ಟರು. ಡಿಗ್ರಿ ಮುಗಿಸಿದೆ, ವಿಜ್ಞಾನದ ಪೇಪರ್‌ಗಳನ್ನೂ ಬಿದ್ದು ಎದ್ದು ಪಾಸು ಮಾಡಿದೆ.

ಡೆಂಟಲ್ ಸೀಟು ಸಿಕ್ಕಿತೆಂದು ಹೇಳಲು ಓಡಿದಾಗ ಮಾಮ ಆಸ್ಪತ್ರೆಯಲ್ಲಿದ್ದರು. ಬಾಯಿ ಒಳಕ್ಕೆ ಕುಸಿದಿತ್ತು. ಅವರದೂ ಕಟ್ಟಿದ ಹಲ್ಲೇ ಎಂದು ನನಗೆ ತಿಳಿದದ್ದು ಆಗಲೇ. ಪಕ್ಕದ ಬಟ್ಟಲಲ್ಲಿದ್ದ ಸೆಟ್ ತೋರಿಸಿ, ಹಾಕು ಎಂದು ಸನ್ನೆ ಮಾಡಿದರು. ಭಾವೀ ದಂತವೈದ್ಯನಾದ ನಾನು ಕೆಳಗಿನದನ್ನು ಮೇಲೆ ಕೂರಿಸಲು ಹೆಣಗಿದೆ. ಮಾಮ ಮಂಚ ಅಲುಗುವಷ್ಟು ನಕ್ಕರು. ಸರಿಯಾಗಿ ಹಾಕಿದ ಮೇಲೆ ಪಕ್ಕದಲ್ಲಿದ್ದ ಹೆಂಡತಿಯತ್ತ ತಿರುಗಿ, "ಈ ಡಾಕ್ಟರನ ಬಾಯಾಗ ಸಕ್ಕರಿ ಹಾಕು" ಎಂದರು.

ಅದಾಗಿ ಐದು ದಿನಕ್ಕೆ ಮಾಮ ತೀರಿಕೊಂಡರು. ನನ್ನ ಕಾಲೇಜು ಇನ್ನೂ ಶುರುವಾಗಿಲ್ಲ. ಮೊದಲ ಪೇಶೆಂಟ್ ಆಗಲೇ ಎದ್ದು ಹೋಗಿದ್ದಾರೆ, ನಗುತ್ತಲೇ.