ಗೋವಿಂದಮ್ಮನ ಗಿರಣಿ

ನಮ್ಮತ್ತೆ ಗೋವಿಂದಮ್ಮನಿಗೆ ಮದುವೆಯಾಗಿ ಬಂದಾಗಿನಿಂದ ಕಂಡವರ ಗದ್ದೆಯೇ ಗತಿ. ನಾಟಿ ಹಾಕಿ ಹಾಕಿ ಸೊಂಟ ಬಿದ್ದುಹೋಗಿತ್ತು. ತೊಂಬತ್ತೆಂಟರಲ್ಲಿ ಟಿ. ನರಸೀಪುರದ ಸೇವಾ ಕ್ಲಬ್ಬೊಂದು ಹಾಲೆಂಡಿನ ಕ್ಲಬ್ಬಿನ ಜೊತೆ ಸೇರಿ, ಹೆಂಗಸರು ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ಸೋಸಲೆ ಕಡೆಯ ನಮ್ಮ ಹಳ್ಳಿಗೆ ಹಿಟ್ಟಿನ ಗಿರಣಿ ಕೊಟ್ಟಿತು. ನಮ್ಮ ಕೇರಿಯ ಮಹಿಳಾ ಸಂಘದವರು ನಡೆಸುವ ಕೆಲಸವನ್ನು ಅತ್ತೆಗೆ ವಹಿಸಿದರು. ಆಕೆಗೆ ಉಳಿದಿದ್ದ ದಾರಿ ಅದೊಂದೇ. ಕ್ಲಬ್ಬಿನ ಷರತ್ತೂ ಒಂದೇ: ಇಡೀ ಊರು ಬಳಸಬೇಕು, ಇಲ್ಲದಿದ್ದರೆ ಗಿರಣಿ ಬೇರೆ ಊರಿಗೆ.

ಗಿರಣಿ ಕಲ್ಲಿನ ಸಂದಿಯಲ್ಲಿ ಹಿಂದಿನವರ ಹಿಟ್ಟು ಒಂದು ಹಿಡಿ ಉಳಿದೇ ಇರುತ್ತದೆ, ಮುಂದಿನವರದಕ್ಕೆ ಬೆರೆಯುತ್ತದೆ. ನಮ್ಮ ಕೇರಿಯ ರಾಗಿ ಬಿದ್ದ ಕಲ್ಲಿಗೆ ಮೇಲಿನ ಬೀದಿಯವರು ತಮ್ಮ ರಾಗಿ ಹಾಕುತ್ತಾರೆಯೇ? ಮೂಟೆ ಹೊತ್ತು ಬಸ್ಸು ಹತ್ತಿ ನರಸೀಪುರಕ್ಕೆ ಹೋಗುತ್ತಿದ್ದರು. ಅಲ್ಲಿ ಯಾರ ಹಿಟ್ಟು ಬೆರೆಯುತ್ತಿತ್ತೋ, ಆ ದೇವರಿಗೇ ಗೊತ್ತು!

ಹಾಲೆಂಡಿನವರು ನೋಡಲು ಬರುತ್ತಾರೆಂದು ತಿಳಿದಾಗ ಕ್ಲಬ್ಬಿನ ಕಾರ್ಯದರ್ಶಿ ಬದರೀನಾರಾಯಣ ಮೇಷ್ಟ್ರು ಕಂಗಾಲಾದರು. ಮೇಲಿನ ಬೀದಿಯವರ ಕೈಕಾಲು ಹಿಡಿದು, ಫೋಟೊ ತೆಗೆಯುವ ಹೊತ್ತಿಗೆ ಮೂಟೆ ಹಿಡಿದು ಸಾಲಾಗಿ ನಿಲ್ಲಲು ಒಪ್ಪಿಸಿದರು.

"ನೀನು ಸುಮ್ನೆ ನಿಂತಿರಮ್ಮ, ಗಿರಣಿ ಉಳಿಯತ್ತೆ," ಎಂದರು ಅತ್ತೆಗೆ. ಅತ್ತೆ ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿಯಿತು.

ಬಂದರು, ಫೋಟೊ ಆಯಿತು. ಅವರಲ್ಲಿದ್ದ ನರೆಗೂದಲ ಹೆಂಗಸೊಬ್ಬಳು ಹಿಟ್ಟು ಬೀಳುವುದನ್ನು ನೋಡಬೇಕು ಎಂದಳು. ಸಾಲಿನ ಮುಂದಿದ್ದ ಗಂಗಾಧರಸ್ವಾಮಿ ಮೂಟೆ ಅವುಚಿಕೊಂಡು ಹಿಂದೆ ಸರಿದ. ಆಕೆ ನಗುತ್ತಲೇ ಮೂಟೆಯ ಬಾಯಿ ಬಿಚ್ಚಿದಳು. ಒಳಗಿದ್ದದ್ದು ಭತ್ತದ ಹೊಟ್ಟು. ಹಗುರ ನೋಡಿ, ಸುಮ್ಮನೆ ಹಿಡಿದು ನಿಲ್ಲಲು ಅನುಕೂಲ!

"ಏನೋ ಅದಲುಬದಲಾಗಿದೆ ಅಂತ ಹೇಳ್ತೀನಿ," ಎಂದು ಮೇಷ್ಟ್ರು ಅತ್ತೆಯ ಬಳಿ ಪಿಸುಗುಟ್ಟಿದರು.

"ಬ್ಯಾಡಿ ಸಾ, ನಿಜ ಏಳಿ," ಎಂದಳು ಅತ್ತೆ. "ಇವರ್ಯಾರೂ ಇಲ್ಲಿ ರಾಗಿ ಆಕಲ್ಲ. ನಮ್ ಕೇರಿಯೋರೇ ಬೀಸುಸ್ಕೊಳ್ಳೋದು. ಇಡೀ ಊರು ಬೇಕು ಅಂತೀರಲ್ಲ, ನಮ್ ಕೇರಿ ಊರಲ್ವಾ?"

ಅತ್ತೆ ಏನೆಂದಳು ಎಂದು ಆ ಹೆಂಗಸು ಮೇಷ್ಟ್ರನ್ನು ಕೇಳಿದಳು, ಮತ್ತೆ ಕೇಳಿದಳು. ಮುಗಿಯಿತು, ಗಿರಣಿ ಲಾರಿ ಹತ್ತಿತು ಅಂದುಕೊಂಡೆ. ಕೊನೆಗೆ ಮೇಷ್ಟ್ರು ಯಾರ ಮುಖವನ್ನೂ ನೋಡದೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಪಿಯುಸಿ ಓದಿದವಳು, ಕಿವಿಗೊಟ್ಟು ಕೇಳಿದೆ. ಅವರು ಒಂದು ಮಾತನ್ನೂ ನುಂಗಲಿಲ್ಲ.

ಆ ಹೆಂಗಸು ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಗಿರಣಿ ಇಲ್ಲೇ ಇರಲಿ, ಈ ಕೇರಿಯವರ ರಾಗಿ ತನ್ನಿ ಎಂದಳು. ನಾನು ಓಡಿಹೋಗಿ ನಮ್ಮ ಮನೆಯದನ್ನೇ ತಂದು ಸುರಿದೆ. ಅತ್ತೆ ಮೋಟರಿನ ಸ್ವಿಚ್ಚಿಗೆ ಕೈಯಿಟ್ಟಳು, ಒತ್ತಲು ಆಗಲೇ ಇಲ್ಲ. ನಾನೇ ಹಾಕಿದೆ.