ಸೊಸೆಯ ಕೈಯಲ್ಲಿ ಅತ್ತ ಕೂಸು

ಮಗಳು ಚೈತನ್ಯಾಗೆ ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ನಾಗಮಣಿ ನರ್ಸಿಂಗ್ ಓದುತ್ತೇನೆಂದು ಹೊರಟಳು. ಬೆಳಕವಾಡಿಯ ಆ ಮನೆಯಲ್ಲಿ ಮೊದಲು ಬಾಯಿ ತೆರೆದವಳು ಅತ್ತೆ ಚಲುವಮ್ಮ.

"ಎಳೆ ಕೂಸು ಬುಟ್ಟು ದಿನಾ ಮಂಡ್ಯಕ್ಕೆ ಓಯ್ತೀಯಾ? ಅದೂ ಮೂರು ವರ್ಸ! ತಲೆ ನೆಟ್ಟಗದಾ ನಿಂಗೆ?"

"ಸೈನ್ಸ್ ಪಾಸು ಮಾಡಿ ಸುಮ್ನೆ ಕುಂತಿವ್ನಿ ಅತ್ತೆ. ಈಗ ಬುಟ್ರೆ ಇನ್ಯಾವತ್ತೂ ಆಗಾಕಿಲ್ಲ" ಎಂದಳು ನಾಗಮಣಿ, ನೆಲ ನೋಡುತ್ತಾ.

ಹಾಲಿನ ವ್ಯಾನ್ ಓಡಿಸುವ ಮಗ ಸಿದ್ದೇಶ್ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಕೂಸಿಗೆ ಜಡೆ ಹಾಕಾದು ನಾನು ಕಲೀತೀನಿ ಬುಡವ್ವ" ಎಂದ. ಕೂಸಿಗಿನ್ನೂ ಜಡೆ ಹಾಕುವಷ್ಟು ಕೂದಲೇ ಬಂದಿರಲಿಲ್ಲ. ಬೈಯುವುದೋ ನಗುವುದೋ ತಿಳಿಯದೆ ಚಲುವಮ್ಮ ಒಳಗೆ ಹೋದಳು. ಮಾತು ಅಲ್ಲಿಗೇ ತೀರ್ಮಾನವಾಯಿತು.

ಅಂದಿನಿಂದ ಮನೆ ನಡೆದದ್ದು ಗಡಿಯಾರದ ಮೇಲೆ. ಬೆಳಗ್ಗೆ ಆರಕ್ಕೆ ಮೊದಲು ಮಳವಳ್ಳಿ ಬಸ್ಸು, ಅಲ್ಲಿಂದ ಮಂಡ್ಯದ ಬಸ್ಸು. ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ಆಮೇಲೆ ಕ್ಲಾಸು. ರಾತ್ರಿ ಪಾಳಿಯಿರುವ ವಾರ ಮಂಡ್ಯದ ಗುತ್ತಲಿನಲ್ಲಿ ಸಹಪಾಠಿ ರಮ್ಯಶ್ರೀಯ ರೂಮಿನಲ್ಲಿ ವಾಸ. ಓದು ಬಾರದ ಚಲುವಮ್ಮ ಸೊಸೆಯ ಪಾಳಿ ನೆನಪಿಟ್ಟುಕೊಳ್ಳಲು ಅಡುಗೆಮನೆ ಗೋಡೆಗೆ ಸುಣ್ಣದಲ್ಲಿ ಗುರುತು ಹಾಕಿಕೊಂಡಳು. ಬೆಳಗಿನದಕ್ಕೆ ಬೊಟ್ಟು, ಮಧ್ಯಾಹ್ನದ್ದಕ್ಕೆ ಗೆರೆ, ರಾತ್ರಿಯದಕ್ಕೆ ಸೊನ್ನೆ. ಮೂರು ವರ್ಷದಲ್ಲಿ ಒಮ್ಮೆಯೂ ಲೆಕ್ಕ ತಪ್ಪಲಿಲ್ಲ.

ಬೈಗುಳ ಮಾತ್ರ ನಿಲ್ಲಲಿಲ್ಲ. ಆದರೆ ಬೈಯುತ್ತಲೇ ಅವಳ ಕಣ್ಣು ಸೊಸೆಯ ಹಿಂದೆಯೇ ಇರುತ್ತಿತ್ತು. ನಾಗಮಣಿ ಒಲೆ ಮುಂದೆ ಹಿಟ್ಟು ತೊಳಸುತ್ತಾ ಮೈಯೊಳಗಿನ ಮೂಳೆಗಳ ಹೆಸರು ಬಾಯಿಪಾಠ ಮಾಡುವಳು. ಬಸ್ಸಿನಲ್ಲಿ ನಿಂತುಕೊಂಡೇ ಓದುವಳು ಎಂದು ಕಂಡವರು ಹೇಳುತ್ತಿದ್ದರು. ಮನೆ ಹೊಕ್ಕವಳೇ ಕೈಕಾಲು ತೊಳೆದು ಮಗುವನ್ನು ಎತ್ತಿಕೊಂಡರೆ, ಅದು ಮಲಗುವವರೆಗೂ ಪುಸ್ತಕ ಮುಟ್ಟುತ್ತಿರಲಿಲ್ಲ. ಇಷ್ಟು ಸಣ್ಣ ಮೈಯಲ್ಲಿ ಇಷ್ಟೊಂದು ಕಸುವು ಎಲ್ಲಿಂದ ಬರುತ್ತದೆಂದು ಚಲುವಮ್ಮನಿಗೆ ಸೋಜಿಗ.

ಒಂದು ಸಂಜೆ ನಾಗಮಣಿ ಕೈ ಚಾಚಿದಾಗ ಮಗು ಹೋಗಲಿಲ್ಲ. ಅಜ್ಜಿಯ ಕುತ್ತಿಗೆ ತಬ್ಬಿಕೊಂಡು ಅವಳನ್ನೇ "ಅಮ್ಮ" ಎಂದಿತು. ನಾಗಮಣಿ ನಕ್ಕಂತೆ ಮಾಡಿ ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವಳು ಸೆರಗು ಬಾಯಿಗೊತ್ತಿಕೊಂಡು ಅಳುವುದನ್ನು ಚಲುವಮ್ಮ ಕಿಟಕಿಯಿಂದ ಕಂಡಳು. ಮಾರನೆಯ ದಿನದಿಂದ ಮಗು ಅಮ್ಮ ಎಂದಾಗಲೆಲ್ಲ, "ನಾನು ನಿಮ್ಮಜ್ಜಿ ಕಣವ್ವ. ನಿಮ್ಮಮ್ಮ ಬಸ್ಸಲ್ಲಿ ಬತ್ತಾವ್ಳೆ" ಎಂದು ತಿದ್ದತೊಡಗಿದಳು.

ಹೀಗೆ ಮೂರನೆಯ ವರ್ಷ ಬಂತು. ಕೊನೆಯ ಪರೀಕ್ಷೆ ಒಂದು ಸೋಮವಾರ ಶುರುವಾಗುವುದಿತ್ತು. ಹಿಂದಿನ ಭಾನುವಾರ ಬೆಳಗ್ಗೆ ಹತ್ತರ ಹೊತ್ತು. ನಾಗಮಣಿ ಜಗಲಿಯಲ್ಲಿ ಓದುತ್ತಿದ್ದಳು, ಚೈತನ್ಯಾ ಅವಳ ಬೆನ್ನಿಗೆ ಜೋತುಬಿದ್ದಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು ಕೇಳಿಸಿತು. ಅಲ್ಲಿನ ವೀಣಳಿಗೆ ಎರಡನೆಯ ಬಸುರು, ಹೆರಿಗೆಗೆ ಇನ್ನೂ ಹತ್ತು ದಿನವಿತ್ತು. ಗಂಡ ನೆಂಟರ ಮನೆಗೆಂದು ದುದ್ದಕ್ಕೆ ಹೋಗಿದ್ದ.

ಮೂವರೂ ಓಡಿ ಹೋದರೆ ವೀಣ ಗೋಡೆ ಹಿಡಿದು ನಿಂತಿದ್ದಾಳೆ, ಕಾಲ ಕೆಳಗೆ ನೀರು. ಸಿದ್ದೇಶ್ ನೂರೆಂಟಕ್ಕೆ ಫೋನ್ ಮಾಡಿದ. ಶಿವನಸಮುದ್ರ ನೋಡಲು ಹೊರಟ ಕಾರುಗಳು ರಸ್ತೆ ತುಂಬ ನಿಂತಿವೆ, ಆಂಬುಲೆನ್ಸ್ ಬರಲು ಅರ್ಧ ಗಂಟೆಯಾದರೂ ಬೇಕು ಎಂದರು. ನಾಗಮಣಿ ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದು, ವೀಣಳನ್ನು ಮಲಗಿಸಿ ನೋಡಿದಳು.

"ಅತ್ತೆ, ಆಂಬುಲೆನ್ಸ್ ಬರಗಂಟ ತಡೆಯಾಕಿಲ್ಲ. ತಲೆ ಕಾಣ್ತಾ ಅದೆ. ಬಿಸ್ಲಲ್ಲಿ ಒಣಗಿರೋ ಬಟ್ಟೆ ಎಲ್ಲಾ ತನ್ನಿ."

ಅಷ್ಟರಲ್ಲಿ "ಅಮ್ಮ ಬೇಕು" ಎಂದು ಅಳುತ್ತಾ ಚೈತನ್ಯಾ ಬಾಗಿಲಿಗೆ ಬಂದಳು. ನಾಗಮಣಿ ಒಮ್ಮೆ ತಿರುಗಿ ನೋಡಿದಳು, ಮತ್ತೆ ತಿರುಗಲಿಲ್ಲ. ಸಿದ್ದೇಶ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಆಂಬುಲೆನ್ಸಿಗೆ ದಾರಿ ತೋರಿಸಲು ಮುಖ್ಯರಸ್ತೆಗೆ ನಡೆದ.

ಕೂಸು ಬಂತು. ಹೆಣ್ಣು. ಚಲುವಮ್ಮ ನೋಡಿದಳು: ನೀಲಿಗಟ್ಟಿದ ಮೈ, ಜೋಲುಬಿದ್ದ ಕೈಕಾಲು, ಅಳುವಿಲ್ಲ.

ಅವಳ ಕೈಲಿದ್ದ ಬಟ್ಟೆ ಜಾರಿತು. ಮೂವತ್ತಾರು ವರ್ಷದ ಹಿಂದೆ ಇಂಥದ್ದೇ ಒಂದು ಕೂಸು ಅವಳ ಮಗ್ಗುಲಲ್ಲಿತ್ತು. ಸಿದ್ದೇಶನಿಗಿಂತ ಮುಂಚಿನದು. ಅದು ಅಳಲಿಲ್ಲ. "ಓಗ್ಬುಟ್ಟದೆ" ಎಂದು ಯಾರೋ ಮೊರದಲ್ಲಿಟ್ಟು ಹೊರಗೆ ಒಯ್ದರು. ಅದರ ಮುಖವನ್ನೂ ಅವಳು ಸರಿಯಾಗಿ ನೋಡಿರಲಿಲ್ಲ.

"ಓಯ್ತು ಕಣಮ್ಮ..." ಎಂದಳು ಚಲುವಮ್ಮ.

"ಇಲ್ಲ ಅತ್ತೆ. ಇನ್ನೊಂದು ಬಟ್ಟೆ ಕೊಡಿ."

ಆ ದನಿಯಲ್ಲಿ ಗಾಬರಿಯೇ ಇರಲಿಲ್ಲ. ನಾಗಮಣಿ ಕೂಸನ್ನು ತಾಯಿಯ ಹೊಟ್ಟೆಯ ಮೇಲೆಯೇ ಇಟ್ಟು ತಲೆಯಿಂದ ಕಾಲವರೆಗೆ ಒರೆಸಿದಳು. ಒದ್ದೆ ಬಟ್ಟೆ ಬಿಸಾಡಿ ಒಣಗಿದ್ದು ಹೊದಿಸಿದಳು. ಬಾಯಿ, ಮೂಗು ಶುಚಿ ಮಾಡಿದಳು. ಅಂಗೈಯಿಂದ ಬೆನ್ನು ಉಜ್ಜಿದಳು, ಅಂಗಾಲಿಗೆ ಬೆರಳಲ್ಲಿ ತಟ್ಟಿದಳು. ಬಾಯಲ್ಲಿ ಏನೋ ಎಣಿಸುತ್ತಿದ್ದಳು. ಉಸಿರಿಲ್ಲ. ಆಗ ಕೂಸಿನ ತಲೆ ನೇರ ಮಾಡಿ, ಅದರ ಬಾಯಿ ಮೂಗು ಎರಡನ್ನೂ ತನ್ನ ಬಾಯಿಂದ ಮುಚ್ಚಿ, ದೀಪ ಆರದಂತೆ ಊದುವಷ್ಟು ಮೆತ್ತಗೆ ಊದಿದಳು. ಅಂಗೈಯಗಲದ ಎದೆ ಮೇಲೆದ್ದಿತು, ಇಳಿಯಿತು. ಮತ್ತೊಮ್ಮೆ. ಮತ್ತೊಮ್ಮೆ.

ಕೂಸು ಬಿಕ್ಕಿತು. ಮುಖ ಹಿಂಡಿತು. ಆಮೇಲೆ ಅತ್ತಿತು ನೋಡಿ, ಇಡೀ ಬೀದಿಗೆ ಕೇಳಿಸುವ ಹಾಗೆ!

ನೀಲಿ ಹೋಗಿ ಕೆಂಪು ಹರಡುತ್ತಾ ಹೋದದ್ದನ್ನು ಚಲುವಮ್ಮ ಕಣ್ಣಾರೆ ಕಂಡಳು. ಮೊದಲು ತುಟಿ, ಆಮೇಲೆ ಎದೆ, ಕೊನೆಗೆ ಬೆರಳು. ಮಣ್ಣಲ್ಲಿ, ನೀರಲ್ಲಿ, ಕಬ್ಬಿನ ಗದ್ದೆಯಲ್ಲಿ ಐವತ್ತೈದು ವರ್ಷ ಬದುಕಿದವಳು ಇಂಥದ್ದನ್ನು ಕಂಡಿರಲಿಲ್ಲ. ಕೈ ಮುಗಿದಳು. ದೇವರಿಗೋ ಸೊಸೆಗೋ ಅವಳಿಗೇ ಗೊತ್ತಾಗಲಿಲ್ಲ.

ಆಂಬುಲೆನ್ಸ್ ಬಂದು, ಅದರಲ್ಲಿದ್ದವರು ಹೊಕ್ಕುಳಬಳ್ಳಿ ಕತ್ತರಿಸಿ ತಾಯಿ ಮಗುವನ್ನು ಮಳವಳ್ಳಿಗೆ ಕರೆದೊಯ್ದರು. ನಾಗಮಣಿ ಮನೆಗೆ ಬಂದು ಹಿತ್ತಲಲ್ಲಿ ಕೂತಳು. ಚಲುವಮ್ಮ ಚೊಂಬಿನಲ್ಲಿ ನೀರು ತಂದು ತಾನೇ ಸೊಸೆಯ ಕೈಗಳನ್ನು ತೊಳೆದಳು.

"ಅಷ್ಟೇ ಏನಮ್ಮ ಅದು? ಒರ್ಸಾದು, ಉಜ್ಜಾದು, ಊದಾದು?"

"ಅಷ್ಟೇ ಅತ್ತೆ. ಮೊದಲ್ನೇ ನಿಮಿಸದಲ್ಲಿ ಮಾಡ್ಬೇಕು."

ಚಲುವಮ್ಮ ಚೊಂಬು ಕೆಳಗಿಟ್ಟಳು. ಆಮೇಲೆ ತನ್ನ ಚೊಚ್ಚಲ ಕೂಸಿನ ಸುದ್ದಿ ಹೇಳಿದಳು. ಸಿದ್ದೇಶನಿಗೂ ಹೇಳಿರದ ಮಾತು. ಕೊನೆಗೆ ಕೇಳಿದಳು: "ಅವತ್ತು ನಿನ್ನಂಗೆ ಗೊತ್ತಿರೋಳು ಒಬ್ಳಿದ್ದಿದ್ರೆ ಉಳೀತಿತ್ತಾ?"

ನಾಗಮಣಿ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅತ್ತೆ. ಕೆಲವು ಉಳಿಯಾಕಿಲ್ಲ. ಉಳೀತಿತ್ತೇನೋ." ಅತ್ತೆಯ ಭುಜಕ್ಕೆ ತಲೆಯಿಟ್ಟಳು. ಇಬ್ಬರೂ ಅತ್ತರು.

ಮೊದಲು ಎದ್ದವಳು ಚಲುವಮ್ಮ. "ಏಳಮ್ಮ, ಓದ್ಕೊ ಓಗು. ನಾಳೆ ಪರೀಕ್ಸೆ ಮಡಿಕ್ಕಂಡು ಇಲ್ಲಿ ಕುಂತವ್ಳೆ!"

ನಾಗಮಣಿ ಪರೀಕ್ಷೆ ಬರೆದಳು, ಮೊದಲ ದರ್ಜೆಯಲ್ಲಿ ಪಾಸಾದಳು. ಈಗ ಮಳವಳ್ಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದಾಳೆ. ಸಿದ್ದೇಶ್ ಹಾಕುವ ಜಡೆ ಇನ್ನೂ ಸೊಟ್ಟಗೇ ಇರುತ್ತದೆ. ವೀಣಳ ಆ ಕೂಸು ಅಂಬೆಗಾಲಿಡುತ್ತಾ ಚಲುವಮ್ಮನ ಮನೆಯ ಹೊಸ್ತಿಲು ದಾಟಿ ಬರುತ್ತದೆ. ಚಲುವಮ್ಮ ಕೈಲಿದ್ದ ಕೆಲಸ ಬಿಟ್ಟು ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ, ಅದರ ಎದೆಯ ಮೇಲೆ ಅಂಗೈ ಇಟ್ಟು, ಏರಿಳಿಯುವ ಉಸಿರನ್ನು ನೋಡುತ್ತಾ ಕೂರುತ್ತಾಳೆ.