ಹೊಗೆಯವನು ಕೇಳುವ ಮಾತು

ಮೊನ್ನೆ ಸಂಜೆ ಜಗಲಿಗೆ ಡೀಸೆಲ್ ವಾಸನೆ ಬಂತು. ಸೊಳ್ಳೆಗೆ ಹೊಗೆ ಹೊಡೆಯುವವನು ಯಂತ್ರವನ್ನು ಬೀದಿಯ ತುದಿಯಲ್ಲಿ ಇಳಿಸಿ, ಮನೆ ಮನೆಗೂ ಏನೋ ಕೇಳುತ್ತ ಬರುತ್ತಿದ್ದ. ನನ್ನ ಪಕ್ಕದಲ್ಲಿ ನಿಮ್ಮಕ್ಕ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು: ಸಂಸತ್ತು ಕಾನೂನು ಮಾಡಬಹುದು, ಸಂವಿಧಾನವನ್ನೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ, ಮಿತಿ ಮೀರಿದರೆ ಕೋರ್ಟು ತಡೆಯುತ್ತದೆ.

"ಪಾರ್ಲಿಮೆಂಟಿಗೆ ಆಗ್ದೇ ಇರೋದು ಇನ್ನೇನೈತಜ್ಜಿ?" ಎಂದಳು.

"ನಿಮ್ಮಜ್ಜಿ ಬಾಯಿ ಬಿಡ್ಸೋದು," ಎಂದೆ.

ಅವಳು ನಕ್ಕಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ ಮಕ್ಕಳೇ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಉತ್ತರವನ್ನೇ ಬರೆಯಿರಿ.

ಪಂಚಾಯಿತಿಯಲ್ಲಿ ಹೆಂಗಸರಿಗೂ ಸೀಟು ಮೀಸಲಿಡಬೇಕೆಂದು ಅದೇ ಸಂಸತ್ತು ಸಂವಿಧಾನವನ್ನು ತಿದ್ದಿತು. ದೆಹಲಿಯಲ್ಲಿ ಎತ್ತಿದ ಕೈಗಳು ಹೊಂಗನೂರಿನ ನನ್ನ ಅಡುಗೆಮನೆಯವರೆಗೂ ಚಾಚಿದವು. ನಿಮ್ಮ ತಾತ ನನ್ನ ಹೆಸರು ಕೊಟ್ಟರು. ಓಟು ಕೇಳುವಾಗ ನಾನು ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದೆ, ಅಷ್ಟೆ. ಗೆದ್ದಾಗ ಹಾರ ಬಿದ್ದದ್ದು ತಾತನ ಕೊರಳಿಗೆ. ಸಭೆಗೂ ಅವರೇ ಹೋಗುತ್ತಿದ್ದರು. ಅದು ತಪ್ಪೆಂದು ಊರಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಪಾಪ, ಬಿಸಿಲಲ್ಲಿ ಬರುತ್ತಾರೆಂದು ನಾನು ಮಜ್ಜಿಗೆ ಮಾಡಿಡುತ್ತಿದ್ದೆ.

ಒಂದು ದಿನ ಮಜ್ಜಿಗೆ ಕುಡಿಯುತ್ತ ಅವರು, "ನಾಳಿದ್ದು ಊರಿಗೆಲ್ಲ ಹೊಗೆ ಹೊಡಿಸ್ತೀವಿ ಕಣೆ. ಒಂದು ಸೊಳ್ಳೆನೂ ಉಳಿಯಕಿಲ್ಲ. ನಾನೇ ಮುಂದೆ ನಿಂತು ಒಪ್ಪಿಸ್ಬುಟ್ಟೆ," ಎಂದರು.

ನಾನು ಹುಳದ ಮನೆಯ ಕಡೆ ಕೈ ತೋರಿಸಿದೆ. ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುತ್ತಿದ್ದವು. ಇನ್ನೇನು ಗೂಡು ಕಟ್ಟುವ ಕಾಲ. ಆ ಹೊಗೆ ಒಳಗೆ ಬಂದರೆ ಒಂದೂ ಬದುಕುವುದಿಲ್ಲ. ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ಯುವುದು ಗಂಡಸರು, ಹುಳದ ಮನೆಯೊಳಗೆ ಹಗಲೆಲ್ಲ ಇರುವುದು ನಾವು. ಸಭೆಯಲ್ಲಿದ್ದ ಯಾರಿಗೂ ಅದು ನೆನಪಾಗಿರಲಿಲ್ಲ.

"ಹೊರಗೆ ತಾನೆ ಹೊಡಿಯೋದು?" ಎಂದರು ತಾತ.

ಹುಳಕ್ಕೆ ಸೊಪ್ಪು ಹಾಕುತ್ತಿದ್ದ ನಮ್ಮತ್ತೆ ತಲೆ ಎತ್ತದೆಯೇ ಮಗನಿಗೆ ಹೇಳಿದರು: "ಕುರ್ಚಿ ಅವಳ್ದು, ಕೂತಿರೋನು ನೀನು. ಹುಳ ಯಾರ್ದ್ಲಾ?" ಆಮೇಲೆ ನನಗೆ, "ನೀನೇ ಹೋಗವ್ವ, ಸೊಪ್ಪು ನಾನ್ ಹಾಕ್ತೀನಿ."

ಮರುದಿನ ತಾತನ ಹಿಂದೆ ಪಂಚಾಯಿತಿ ಆಫೀಸಿಗೆ ಹೋದೆ. ಬಾಗಿಲಲ್ಲಿ ಅವರು ಪಕ್ಕಕ್ಕೆ ಸರಿದು ನಿಂತುಬಿಟ್ಟರು. "ಓಹೋ, ಮೆಂಬರ್ರೇ ಬಂದವ್ರೆ! ಯಜಮಾನ್ರಿಗೆ ಹುಷಾರಿಲ್ವಾ?" ಎಂದರು ಅಧ್ಯಕ್ಷರು. ಎಲ್ಲ ನಕ್ಕರು.

ನಾನು ಮೇಜನ್ನೇ ನೋಡುತ್ತ, "ಹುಳ ಹಣ್ಣಾಗವೆ. ಹೊಗೆ ಬ್ಯಾಡ," ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಉಳಿದ ಮಾತೆಲ್ಲ ಎಲ್ಲಿಗೆ ಹೋಯಿತೋ ಕಾಣೆ.

ಅಧ್ಯಕ್ಷರು ತಲೆ ಕೆರೆದುಕೊಂಡರು. "ಅಯ್ಯೋ, ನಮ್ಮನೇಲೂ ಹಣ್ಣಾಗವೆ ಕಣ್ರಯ್ಯಾ! ಹೊಗೆ ಹೊಡಿಸಿದ್ರೆ ನನ್ ಹೆಂಡ್ರು ಒಳೀಕೆ ಬಿಟ್ಕಳಕಿಲ್ಲ."

ಮನೆ ಮನೆ ಕೇಳದೆ ಹೊಗೆ ಹೊಡೆಯಬಾರದೆಂದು ಅಂದು ತೀರ್ಮಾನವಾಯಿತು. ಬರುವಾಗ ತಾತ ಮುಂದೆ ನಡೆಯಲಿಲ್ಲ, ಜೊತೆಗೆ ನಡೆದರು. "ಇನ್ಮೇಕೆ ನೀನೇ ಹೋಗು. ಮಜ್ಜಿಗೆ ನಾನ್ ಮಾಡಿಡ್ತೀನಿ," ಎಂದರು. ಹಾಗೆಯೇ ಮಾಡಿದರು ಕೂಡ. ಉಪ್ಪು ಯಾವಾಗಲೂ ಒಂದು ಹಿಡಿ ಜಾಸ್ತಿ. ನಾನು ಒಂದು ದಿನವೂ ಹಾಗೆಂದು ಹೇಳಲಿಲ್ಲ. ಈಗ ಆ ಉಪ್ಪೇ ನೆನಪಾಗುತ್ತದೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹೊಗೆಯವನು ನಮ್ಮ ಬಾಗಿಲಿಗೆ ಬಂದಿದ್ದ. ಚಿಕ್ಕ ವಯಸ್ಸಿನವನು, ಯಾಕೆ ಕೇಳುತ್ತೇನೆಂದು ಅವನಿಗೂ ಗೊತ್ತಿರಲಾರದು.

"ಹುಳ ಐತೇನವ್ವಾ?"

ನಾನು ಬಾಯಿ ತೆರೆಯುವ ಮೊದಲೇ ನಿಮ್ಮಕ್ಕ ಪುಸ್ತಕ ಕೆಳಗಿಟ್ಟು ಎದ್ದು ನಿಂತಳು. "ಅವೆ ಕಣಣ್ಣ. ಗೂಡು ಬಿಡಿಸಿದ ಮ್ಯಾಲೆ ಬನ್ನಿ," ಎಂದಳು, ಇಡೀ ಬೀದಿಗೆ ಕೇಳುವಂತೆ.

ನಾನು ಸೆರಗನ್ನು ಬಾಯಿಗೆ ಹಿಡಿದುಕೊಂಡೆ. ಈ ಸಲ ನಗು ತಡೆಯಲಿಕ್ಕೆ.